ಬೀಜವಿಲ್ಲದ ಬಾಳೆಗೆ ಹೊಸ ತಳಿ

ಚನ್ನಗಿರಿ ಕಡೆ ಹೊಸ ಅಡಿಕೆ ತೋಟ ಮಾಡುವವರು ಜೊತೆಗೆ ಬಾಳೆಯನ್ನೂ ನೆಡುತ್ತಾರೆ. ಎಳೆ ಸಸಿಗೆ ನೆರಳಾಗುತ್ತದೆ, ಅಡಿಕೆ ಫಸಲಿಗೆ ಬರುವ ತನಕ ಕೈಗೆ ನಾಲ್ಕು ಕಾಸೂ ಸಿಗುತ್ತದೆ. ಆದರೆ ಏಲಕ್ಕಿ ಬಾಳೆ ಹಾಕಿದವರನ್ನು ಪನಾಮ ಸೊರಗು ರೋಗದ ಭಯ ಬಿಡುವುದಿಲ್ಲ. ಎಲೆ ಅಂಚಿನಿಂದ ಹಳದಿಯಾಗಿ ಜೋತುಬೀಳುತ್ತದೆ. ಕಾಂಡ ಸೀಳಿದರೆ ಒಳಗೆ ಕೆಂಪು ಕಂದು ಗೆರೆಗಳು. ಇದನ್ನು ತರುವ ಶಿಲೀಂಧ್ರ ಮಣ್ಣಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಔಷಧಿ ಹಾಕಿ ಅದನ್ನು ಪೂರ್ತಿ ತೊಲಗಿಸಲು ಆಗುವುದಿಲ್ಲ. ರೋಗ ತಡೆಯುವ ತಳಿಯೇ ಬೇಕು.

ಬಾಳೆಯಲ್ಲಿ ತಳಿ ಮಾಡುವುದು ಮೆಕ್ಕೆಜೋಳದಷ್ಟು ಸಲೀಸಲ್ಲ. ನಾವು ತಿನ್ನುವ ಹಣ್ಣಲ್ಲಿ ಬೀಜವೇ ಇಲ್ಲ, ಅಲ್ವಾ? ಕಂದು ಕಿತ್ತು ನೆಡುತ್ತೇವೆ. ಹಾಗಾಗಿ ಒಂದು ತಳಿಯ ಗಿಡಗಳೆಲ್ಲ ವಂಶವಾಹಿಯಲ್ಲಿ ಹೆಚ್ಚುಕಡಿಮೆ ಒಂದೇ. ಒಂದನ್ನು ಕೊಂದ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ಲ್ಯಾಟಿನ್ ಅಮೆರಿಕದಿಂದ ಜಗತ್ತಿಗೆಲ್ಲ ಹೋಗುತ್ತಿದ್ದ ಗ್ರೋಸ್ ಮಿಷೆಲ್ ಬಾಳೆ 1960ರ ಹೊತ್ತಿಗೆ ಹೀಗೇ ಪನಾಮ ಸೊರಗಿಗೆ ಸಿಕ್ಕಿ ಮಾರುಕಟ್ಟೆ ಬಿಟ್ಟಿತು. ಅದರ ಜಾಗಕ್ಕೆ ಕ್ಯಾವೆಂಡಿಶ್ ಬಂತು. ನಮ್ಮ ಪಚ್ಚಬಾಳೆ, ಜಿ-9 ಅದೇ ಬಳಗದವು. ಈಗ ಶಿಲೀಂಧ್ರದ ಟಿಆರ್4 ಎಂಬ ಹೊಸ ರೂಪ ಅದನ್ನೂ ಕೊಲ್ಲುತ್ತಿದೆ. ಬಿಹಾರ, ಉತ್ತರ ಪ್ರದೇಶದ ತೋಟಗಳಿಗೂ ಅದು ಬಂದಾಗಿದೆ.

ಕಾಡುಬಾಳೆಯಲ್ಲಿ ಬೀಜವಿದೆ, ರೋಗ ತಡೆಯುವ ಗುಣವೂ ಇದೆ. ಅದರ ಪರಾಗ ತಂದು ಸಾಕಿದ ಬಾಳೆಯ ಹೂವಿಗೆ ಹಾಕಿದರೆ ಗೊನೆಗೊನೆ ಹುಡುಕಿದರೂ ಸಿಗುವುದು ಕೆಲವೇ ಬೀಜ. ಎಷ್ಟೋ ಸಲ ಅವುಗಳ ಒಳಗಿನ ಭ್ರೂಣವನ್ನು ಲ್ಯಾಬ್‌ನಲ್ಲಿ ಬೆಳೆಸಬೇಕು. ಆಮೇಲೆ ಗೊನೆ ನೋಡಲು ವರ್ಷ ಕಾಯಬೇಕು. ಹೆಚ್ಚಿನವು ಕೆಲಸಕ್ಕೆ ಬಾರದವು.

ಜೀನೋಮ್, ಅಂದರೆ ಗಿಡದ ಪೂರ್ತಿ ಡಿಎನ್‌ಎ ಓದುವುದರಿಂದ ಬಹಳ ಅನುಕೂಲವಾಗುವುದು ಈ ಕಾಯುವ ಕಡೆ. ಮೊದಲು ಒಂದಷ್ಟು ಗಿಡ ಬೆಳೆಸಿ ಗೊನೆಯ ತೂಕ, ರೋಗ ಎಲ್ಲ ಅಳೆಯುತ್ತಾರೆ. ಅವುಗಳ ಡಿಎನ್‌ಎ ಓದಿ, ಯಾವ ಗುರುತು ಯಾವ ಗುಣದ ಜೊತೆ ಬರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆಮೇಲೆ ಹೊಸ ಸಸಿಯ ಎಲೆಯ ಒಂದು ಚೂರು ಸಾಕು, ಅದು ಹೇಗೆ ಬೆಳೆದೀತು ಎಂದು ಅಂದಾಜು ಸಿಗುತ್ತದೆ. ಉಗಾಂಡದ ಅಡುಗೆ ಬಾಳೆಯಲ್ಲೂ ಆಫ್ರಿಕಾದ ಮರಗೆಣಸಿನಲ್ಲೂ ಈ ದಾರಿ ಹಿಡಿದಿದ್ದಾರೆ. ಆಸ್ಟ್ರೇಲಿಯಾದವರದು ಬೇರೆ ದಾರಿ, ಕಾಡುಬಾಳೆಯ ಒಂದೇ ಜೀನನ್ನು ಕ್ಯಾವೆಂಡಿಶ್‌ಗೆ ಸೇರಿಸಿದ್ದಾರೆ. 2024ರಲ್ಲಿ ಅದಕ್ಕೆ ಅಲ್ಲಿನ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ನನಗೆ ಚಿಂತೆ ಏಲಕ್ಕಿ ಬಾಳೆಯದು. ಅದು ಎರಡು ಕಾಡುಬಾಳೆ ಜಾತಿಗಳ ಕೂಸು. ಒಂದರ ಜೀನೋಮ್ 2012ರಲ್ಲಿ, ಇನ್ನೊಂದರದು 2019ರಲ್ಲಿ ಪ್ರಕಟವಾಗಿವೆ. ಓದಲು ಪುಸ್ತಕ ಸಿದ್ಧವಿದೆ. ಸೊರಗು ಹತ್ತಿದ ಮಣ್ಣಲ್ಲೇ ಗಿಡ ಬೆಳೆಸಿ ಅಳೆದ ಲೆಕ್ಕ ಇಲ್ಲದಿದ್ದರೆ ಮಾತ್ರ ಕಂಪ್ಯೂಟರಿನ ಅಂದಾಜು ಸುಮ್ನೆ. ರೋಗ ತಡೆದು ರುಚಿ ಕೆಟ್ಟರೂ ಯಾರೂ ಕೊಳ್ಳುವುದಿಲ್ಲ. ಎಲ್ಲಿ ಸೊರಗು ಜಾಸ್ತಿ, ಸಂತೆಯಲ್ಲಿ ಯಾವ ಹಣ್ಣು ಓಡುತ್ತದೆ ಎನ್ನುವುದು ದಾವಣಗೆರೆ, ಹಿರಿಯೂರಿನ ಬೆಳೆಗಾರರಿಗೆ ಗೊತ್ತು. ತಳಿ ಕೆಲಸ ಶುರು ಮಾಡುವ ದಿನವೇ ಅವರನ್ನು ಕರೆದು ಕೇಳಬೇಕು.