ಬೆಕ್ಕು ಪರಚಿದ ಮೇಲೆ ಕಂಕುಳಲ್ಲಿ ಗಂಟು: ಬೆಕ್ಕಿನಿಂದಲೇ ಬಂತಾ?

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಇಲಿ ಕಾಟ ತಡೆಯಲಾರದೆ ಒಂದು ಬೆಕ್ಕಿನ ಮರಿ ತಂದೆವು. ಎರಡು ವಾರದ ಹಿಂದೆ ಅದು ಮಗಳ ಮುಂಗೈ ಪರಚಿತ್ತು. ಗಾಯ ಒಣಗಿದೆ. ಈಗ ಅದೇ ಕೈಯ ಕಂಕುಳಲ್ಲಿ ಗಂಟು ಬಂದಿದೆ, ಮುಟ್ಟಿದರೆ ನೋವು, ಸಂಜೆ ಸ್ವಲ್ಪ ಜ್ವರ. ಇದು ಬೆಕ್ಕಿನಿಂದ ಬಂದದ್ದಾ? ಬೆಕ್ಕನ್ನು ಎಲ್ಲಾದರೂ ಬಿಟ್ಟು ಬರಬೇಕಾ?

ಉತ್ತರ: ಬೆಕ್ಕಿನಿಂದ ಬಂದಿರುವ ಸಾಧ್ಯತೆ ಇದೆ. ಆದರೆ ಅದನ್ನು ಡಾಕ್ಟರು ನೋಡಿಯೇ ಹೇಳಬೇಕು. ಬೆಕ್ಕನ್ನು ಬಿಟ್ಟು ಬರುವುದು ಬೇಡ.

ನೀವು ಹೇಳಿದ ಲಕ್ಷಣಗಳು 'ಕ್ಯಾಟ್ ಸ್ಕ್ರ್ಯಾಚ್' ಕಾಯಿಲೆಗೆ ಹೊಂದುತ್ತವೆ. ಬಾರ್ಟೊನೆಲ್ಲಾ ಹೆನ್ಸೆಲೇ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಅದನ್ನು ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟ. ಚಿಗಟದ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಬೆಕ್ಕು ಮೈ ಕೆರೆದುಕೊಂಡಾಗ ಆ ಹಿಕ್ಕೆ ಉಗುರಿಗೆ ಮೆತ್ತಿಕೊಳ್ಳುತ್ತದೆ. ಅದೇ ಉಗುರು ನಮ್ಮ ಚರ್ಮ ಸೀಳಿದರೆ ಸೋಂಕು ಒಳಗೆ ಹೋಯ್ತು. ಮರಿಗಳಲ್ಲಿ ಇದು ಜಾಸ್ತಿ, ಮೇಲಾಗಿ ಅವು ಆಡುತ್ತಾ ಪರಚುವುದೂ ಜಾಸ್ತಿ. ಬೆಕ್ಕು ಮಾತ್ರ ಆರಾಮಾಗಿ ಓಡಾಡಿಕೊಂಡಿರುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪರಚಿದ ಕೆಲವು ದಿನಕ್ಕೆ ಆ ಜಾಗದಲ್ಲಿ ಸಣ್ಣ ಕೆಂಪು ಗುಳ್ಳೆ ಏಳಬಹುದು. ಸೊಳ್ಳೆ ಕಚ್ಚಿರಬೇಕು ಎಂದು ಸುಮ್ನಾಗುತ್ತೇವೆ. ಒಂದರಿಂದ ಮೂರು ವಾರದ ಮೇಲೆ ಗಂಟು. ಕೈಗೆ ಪರಚಿದ್ದರೆ ಕಂಕುಳಲ್ಲಿ, ಕಾಲಿಗಾದರೆ ತೊಡೆಸಂದಿಯಲ್ಲಿ. ಅಷ್ಟರಲ್ಲಿ ಬೆಕ್ಕಿನ ವಿಷಯ ಮನೆಯವರಿಗೇ ಮರೆತಿರುತ್ತದೆ. ಅದೂ ಕಾಫಿ ಕೊಯ್ಲಿನ ಸಮಯದಲ್ಲಿ ಕೈತುಂಬ ಗಿಡದ ರೆಕ್ಕೆ (ಅಡ್ಡಕೊಂಬೆ) ಗೀರಿದ ಗಾಯಗಳೇ ಇರುವಾಗ, ಬೆಕ್ಕು ಪರಚಿದ್ದು ಯಾವುದು ಅಂತ ಯಾರಿಗೆ ನೆನಪಿರುತ್ತದೆ? ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ಮೊದಲು ಬೆಕ್ಕಿನ ವಿಷಯ ಹೇಳಿ. ಗಂಟು ಎಂದರೆ ನಮ್ಮಲ್ಲಿ ಟಿಬಿಯನ್ನೂ ಯೋಚಿಸಬೇಕಾಗುತ್ತದೆ. ನೀವು ಹೇಳುವ ಆ ಒಂದು ಮಾತಿನಿಂದ ಪರೀಕ್ಷೆಯ ದಾರಿಯೇ ಬದಲಾಗಬಹುದು.

ಆರೋಗ್ಯವಂತ ಮಕ್ಕಳಲ್ಲಿ ಇದು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಗಂಟು ಪೂರ್ತಿ ಕರಗಲು ಕೆಲವು ತಿಂಗಳು ಹಿಡಿಯಬಹುದು. ಬೇಕಿದ್ದರೆ ಡಾಕ್ಟರು ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಗಂಟನ್ನು ಹಿಸುಕಬೇಡಿ. ಕಣ್ಣು ಮಂಜಾದರೆ, ಜ್ವರ ಬಿಡದಿದ್ದರೆ ಕಾಯಬೇಡಿ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಇರುವವರು, ಕಿಡ್ನಿ ಕಸಿಯಾದವರು ಇದ್ದರೆ ಅವರಿಗೆ ಇದೇ ಸೋಂಕು ತುಂಬಾ ಜೋರಾಗಬಹುದು.

ಬೆಕ್ಕು ಕಚ್ಚಿದರೆ ಮಾತ್ರ ವಾರಗಟ್ಟಲೆ ಅಲ್ಲ, ಗಂಟೆಗಳ ಲೆಕ್ಕ. ಅದರ ಹಲ್ಲು ಸೂಜಿಯ ಹಾಗೆ. ಹೊರಗೆ ಚುಕ್ಕಿ ಕಾಣುತ್ತದೆ, ಒಳಗೆ ಆಳಕ್ಕೆ ಹೋಗಿರುತ್ತದೆ. ಬೆಕ್ಕಿನ ಬಾಯಲ್ಲಿ ಸಾಮಾನ್ಯವಾಗಿ ಇರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಒಂದೇ ದಿನದಲ್ಲಿ ಕೈ ಊದಿ, ಕೆಂಪಾಗಿ, ಬೆರಳು ಮಡಚಲೂ ಆಗದ ಹಾಗೆ ಆಗಬಹುದು. ಬೆರಳ ಗೆಣ್ಣಿನ ಹತ್ತಿರ ಕಚ್ಚಿದ್ದರೆ ಊತಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ನೀವು ಕೇಳದ ಇನ್ನೊಂದು ಮಾತು. ರೇಬಿಸ್ ಬರುವುದು ವೈರಸ್‌ನಿಂದ, ಬೆಕ್ಕಿನಿಂದಲೂ ಬರಬಹುದು, ಬಂದ ಮೇಲೆ ಉಳಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಮಗಳಿಗೆ ಆಗ ಲಸಿಕೆ ಹಾಕಿಸಿರದಿದ್ದರೆ ಈಗಲಾದರೂ ಡಾಕ್ಟರಿಗೆ ಹೇಳಿ, ಮರಿ ಹೇಗಿದೆ ಎಂಬುದನ್ನೂ ತಿಳಿಸಿ. ಮುಂದೆ ಯಾರಿಗೇ ಪರಚಿದರೂ, ಕಚ್ಚಿದರೂ ತಕ್ಷಣ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಕಾಫಿಪುಡಿ, ಸುಣ್ಣ, ಅರಿಶಿನ ಮೆತ್ತಬೇಡಿ. ಅವತ್ತೇ ರೇಬಿಸ್ ಲಸಿಕೆಗೆ ಹೋಗಿ, ಟಿಟಿ (ಧನುರ್ವಾಯು ತಡೆಯುವ ಇಂಜೆಕ್ಷನ್) ಬೇಕಾ ಎಂದು ಕೇಳಿ.

ಇನ್ನು ಮರಿಯ ವಿಷಯ. ಬಾಚಣಿಗೆಯಲ್ಲಿ ಅದರ ಮೈ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಕೆಂಪುಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಪಶು ವೈದ್ಯರನ್ನು ಕೇಳಿ ಬೆಕ್ಕಿಗೆಂದೇ ಇರುವ ಚಿಗಟದ ಔಷಧಿ ಹಾಕಿ, ರೇಬಿಸ್ ಲಸಿಕೆಯನ್ನೂ ಕೊಡಿಸಿ. ತೋಟದ ನಾಯಿಗೆ ತಂದ ಔಷಧಿ ಉಳಿದಿದೆ ಎಂದು ಬೆಕ್ಕಿಗೆ ಹಾಕಲೇಬೇಡಿ. ನಾಯಿಗಳ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿನ ಜೀವವನ್ನೇ ತೆಗೆಯಬಹುದು.