ಎಂಟು ಹುಡುಗರ ಜಿಗಿತ, ಎರಡು ಉತ್ತರ

ಮೈದಾನಕ್ಕೆ ಹತ್ತು ಸುತ್ತು ಹೊಡಿ ಅಂದರೆ ಹೊಡೆದುಬಿಡುತ್ತೇವೆ. ಟಿ-ಟೆಸ್ಟ್, ಅಂದರೆ ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೋ ಅಲ್ಲವೋ ನೋಡುವ ಲೆಕ್ಕ, ಮಾಡು ಅಂದರೆ ಮಾತ್ರ ಬೆವರು ಕಿತ್ತುಕೊಂಡು ಬರುತ್ತದೆ, ಅಲ್ವಾ? ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಓದುವ ನಮ್ಮ ಪಾಡು ಇದು. ಹಾಗಾಗಿ ಈ ಟಿಪ್ಪಣಿಯನ್ನು ಒಂದೇ ಲೆಕ್ಕ ಹಿಡಿದು ಬರೆದಿದ್ದೇನೆ.

ಬಳ್ಳಾರಿಯ ನಮ್ಮ ಹಾಸ್ಟೆಲ್ ಹಿಂದಿನ ಗೋಡೆ ಹತ್ತಿರ ಕಬಡ್ಡಿ ಹುಡುಗರ ಜಿಗಿತ ಅಳೆಯುತ್ತೇವೆ. ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ನಿಂತಲ್ಲೇ ಹಾರಿ ಗೋಡೆ ಮುಟ್ಟಬೇಕು. ನಿಂತು ಕೈಚಾಚಿದ ಎತ್ತರದಿಂದ ಆ ಗುರುತಿನವರೆಗೆ ಟೇಪು ಹಿಡಿಯುತ್ತೇವೆ. ಅದೇ ಮಾದರಿಯಲ್ಲಿ, ಅಭ್ಯಾಸಕ್ಕೆಂದು ನಾನೇ ಹಾಕಿಕೊಂಡ ಅಂಕಿಗಳಿವು.

ಎಂಟು ಹುಡುಗರು. ತರಬೇತಿಗೆ ಮೊದಲು, ಸೆಂಟಿಮೀಟರಿನಲ್ಲಿ: 40, 44, 38, 47, 42, 45, 39, 41. ಆರು ವಾರದ ನಂತರ, ಅದೇ ಕ್ರಮದಲ್ಲಿ: 43, 45, 41, 47, 46, 45, 42, 43. ಸರಾಸರಿ 42 ಇದ್ದದ್ದು 44 ಆಯಿತು.

ನಾನು ಮೊದಲು ಇವನ್ನು ಎರಡು ಬೇರೆ ಗುಂಪು ಅಂದುಕೊಂಡು ಟಿ-ಟೆಸ್ಟ್ ಹಾಕಿದೆ. ಟಿ ಬಂದದ್ದು 1.51. ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಅನ್ನಲು ಟೇಬಲ್ ಪ್ರಕಾರ ಬೇಕಿದ್ದದ್ದು ಕನಿಷ್ಠ 2.145. ಅಂದರೆ ತರಬೇತಿಯಿಂದ ಏನೂ ಆಗಿಲ್ಲ ಅಂತ ಬರೆದು, ಪುಸ್ತಕ ಮುಚ್ಚಿ ಚಹಾ ಕುಡಿಯಲು ಹೋದೆ. ಆದರೆ ಹಾರಿದವರು ಅದೇ ಹುಡುಗರು! ಪ್ರತಿಯೊಬ್ಬನನ್ನೂ ಅವನ ಹಳೆಯ ಜಿಗಿತದ ಜೊತೆಗೇ ಹೋಲಿಸಬೇಕು. ವ್ಯತ್ಯಾಸಗಳು 3, 1, 3, 0, 4, 0, 3, 2. ಈ ಜೋಡಿ ಲೆಕ್ಕದಲ್ಲಿ ಟಿ 3.74, ಬೇಕಾದದ್ದು 2.365. ಉತ್ತರ ತಿರುವುಮುರುವು! ಅಂಕಿ ಒಂದೂ ಬದಲಾಗಿಲ್ಲ.

ಟಿ-ಟೆಸ್ಟ್ ಹುಟ್ಟಿದ್ದು 1908ರಲ್ಲಿ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ಗಾಸೆಟ್ 'ಸ್ಟೂಡೆಂಟ್' ಅನ್ನುವ ಹೆಸರಲ್ಲಿ ಅದನ್ನು ಬರೆದ. ಸ್ವಲ್ಪವೇ ಅಂಕಿ ಇದ್ದಾಗ ಏನು ಹೇಳಬಹುದು ಅನ್ನುವುದೇ ಅವನ ತಲೆನೋವು. ನಮ್ಮದೂ ಅದೇ. ಒಳ್ಳೆಯ ಆಟಗಾರರು ನೂರಾರು ಜನ ಎಲ್ಲಿ ಸಿಗುತ್ತಾರೆ? ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವಕ್ಕೆ ಪಿ-ಬೆಲೆ ಅನ್ನುತ್ತಾರೆ. ಅದು 0.05ಕ್ಕಿಂತ ಕಡಿಮೆ ಇರಬೇಕು ಅನ್ನುವ ಗೆರೆ ಬಳಕೆಗೆ ಬಂದದ್ದು ಸಂಖ್ಯಾಶಾಸ್ತ್ರಜ್ಞ ಫಿಶರ್‌ನ 1925ರ ಪುಸ್ತಕದಿಂದ. ಆಮೇಲೆ ದಶಕಗಟ್ಟಲೆ ಎಲ್ಲರೂ ಆ ಗೆರೆಯನ್ನೇ ನೋಡುತ್ತಾ ಕೂತರು.

ಈಗಿನ ಗಾಳಿ ಬೇರೆ. ಪಿ-ಬೆಲೆ ಪರಿಣಾಮದ ಗಾತ್ರವನ್ನು ಹೇಳುವುದಿಲ್ಲ ಅಂತ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ನೇರವಾಗಿಯೇ ಹೇಳಿತು. ಹಾಗಾಗಿ ಈಗ ಎಷ್ಟು ಹೆಚ್ಚಾಯಿತು, ಎಷ್ಟು ಖಾತ್ರಿ ಅಂತ ಕೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಹೆಚ್ಚಳ 2 ಸೆಂ.ಮೀ.; 95% ವ್ಯಾಪ್ತಿ, ಅಂದರೆ ನಿಜವಾದ ಹೆಚ್ಚಳ ಇರಬಹುದಾದ ಅಂದಾಜು ಮಿತಿ, 0.7ರಿಂದ 3.3. ಕೋಚ್‌ಗೆ ಪಿ-ಬೆಲೆಗಿಂತ ಇದೇ ಜಾಸ್ತಿ ಉಪಯೋಗ. ಈ 2ನ್ನು ಮೊದಲಿನ ಜಿಗಿತಗಳ ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 3.12ರಿಂದ ಭಾಗಿಸಿದರೆ ಪರಿಣಾಮದ ಗಾತ್ರ 0.64. ಸಂಖ್ಯಾಶಾಸ್ತ್ರಜ್ಞ ಕೋಹೆನ್ ಕೊಟ್ಟ ಅಳತೆಯಲ್ಲಿ 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು. ಈ ಮೂರನ್ನು ಕಣ್ಣುಮುಚ್ಚಿ ಒಪ್ಪಬೇಡಿ. ನೂರು ಮೀಟರ್ ಓಟದಲ್ಲಿ 'ಸಣ್ಣದು' ಅನ್ನುವುದೇ ಪದಕ ತರಬಹುದು.

ಎಷ್ಟು ಹೆಚ್ಚಾಯಿತು ಅಂತ ಹೇಳುವ ಆಸೆಯಿಂದಲೇ 2006ರಲ್ಲಿ ಕ್ರೀಡಾ ವಿಜ್ಞಾನಿಗಳಾದ ಬ್ಯಾಟರ್‌ಹ್ಯಾಮ್, ಹಾಪ್ಕಿನ್ಸ್ ಇಬ್ಬರೂ ಪ್ರಮಾಣ ಆಧಾರಿತ ತೀರ್ಮಾನದ ವಿಧಾನ ಮುಂದಿಟ್ಟರು. 'ಬಹುಶಃ ಲಾಭ' ಅನ್ನುವಂಥ ಮಾತಲ್ಲಿ ಉತ್ತರ ಕೊಡುತ್ತಿತ್ತು. ಕ್ರೀಡಾ ವಿಜ್ಞಾನದವರಿಗೆ ಬಹಳ ಹಿಡಿಸಿತು. 2018ರಲ್ಲಿ ಸಂಖ್ಯಾಶಾಸ್ತ್ರಜ್ಞೆ ಸೈನಾನಿ ಅದರ ತಪ್ಪನ್ನು ಲೆಕ್ಕ ಹಾಕಿ ತೋರಿಸಿದರು: ಸಣ್ಣ ಗುಂಪಿನಲ್ಲಿ ಇಲ್ಲದ ಪರಿಣಾಮ ಇದೆ ಅನ್ನುವ ಅಪಾಯ ಜಾಸ್ತಿ. ಹಳೆಯ ಪ್ರಬಂಧಗಳಲ್ಲಿ ಈ ವಿಧಾನ ಕಂಡರೆ ಹುಷಾರಾಗಿ ಓದಿ.

ಪ್ರತಿಯೊಬ್ಬನನ್ನೂ ವಾರ ವಾರ ಅಳೆದಿದ್ದರೆ ಮಿಶ್ರ ಮಾದರಿಗಳು, ಅಂದರೆ ಒಬ್ಬೊಬ್ಬನ ಏರಿಳಿತವನ್ನೂ ಗುಂಪಿನದನ್ನೂ ಒಟ್ಟಿಗೆ ನೋಡುವ ಲೆಕ್ಕ ಬೇಕು. ಮೊದಲೇ ಗೊತ್ತಿದ್ದದ್ದನ್ನು ಹೊಸ ಅಂಕಿಗಳ ಜೊತೆ ಸೇರಿಸಿ ಲೆಕ್ಕ ಹಾಕುವ ಬೇಯ್ಸ್ ವಿಧಾನವೂ ಹರಡುತ್ತಿದೆ. 'ಆರ್' ತಂತ್ರಾಂಶದಲ್ಲಿ ಇವೆರಡೂ ಪುಕ್ಕಟೆ ಮಾಡಬಹುದು.

ಆದರೆ ನಮ್ಮ 2 ಸೆಂ.ಮೀ. ತರಬೇತಿಯದ್ದೇ ಅಂತ ಹೇಗೆ ಹೇಳುವುದು? ತರಬೇತಿ ಇಲ್ಲದ ಇನ್ನೊಂದು ಗುಂಪು ನಮ್ಮಲ್ಲಿಲ್ಲ. ಮೊದಲ ಅಳತೆ ಬಳ್ಳಾರಿಯ ಮೇ ಬಿಸಿಲಲ್ಲಿ, ಎರಡನೆಯದು ಮಳೆ ಬಿದ್ದ ತಂಪಲ್ಲಿ ಆಗಿದ್ದರೆ? ಸೀಮೆಸುಣ್ಣದ ಗುರುತೇ ಒಂದು ಬೆರಳು ಅಗಲ ಇರುತ್ತದೆ. ಹಾಗಾಗಿ ತರಬೇತಿ ಇಲ್ಲದೆಯೇ ಜಿಗಿತ ಎಷ್ಟು ಏರಿಳಿಯುತ್ತದೆ ಅಂತ ತಿಳಿಯಲು, ಈಗ ತರಬೇತಿಗೆ ಮುಂಚೆಯೇ ಎರಡು ದಿನ, ಒಂದೇ ಹೊತ್ತಿಗೆ ಅಳೆಯುತ್ತೇನೆ. ಮೊನ್ನೆ ಒಬ್ಬ ಹುಡುಗ, "ಅಣ್ಣಾ, ನಿನ್ನೆ ತಾನೇ ಹಾರಿದ್ನಲ್ಲಾ?" ಅಂದ. ಅದಕ್ಕೇ ಮತ್ತೆ ಹಾರು ಅಂದೆ.