ಗ್ರಹಣ, ಭೂಚ್ಛಾಯೆ ಮತ್ತು ರಾಹು: ಒಂದು ಅಧ್ಯಯನ ಟಿಪ್ಪಣಿ

ವೈಜ್ಞಾನಿಕ ಸಿದ್ಧಾಂತಕ್ಕೂ ಧರ್ಮಶ್ರದ್ಧೆಗೂ ನಡುವಣ ತಿಕ್ಕಾಟದ ಮಾತು ಬಂದೊಡನೆ ನಮಗೆ 1633ರ ಗೆಲಿಲಿಯೋ ವಿಚಾರಣೆ ನೆನಪಾಗುತ್ತದೆ. ಅದಕ್ಕೂ ಸಾವಿರ ವರ್ಷ ಮೊದಲೇ, ಗ್ರಹಣಕ್ಕೆ ಕಾರಣ ನೆರಳೋ ರಾಹುವೋ ಎಂಬ ಪ್ರಶ್ನೆಯ ಮೇಲೆ, ಈ ತಿಕ್ಕಾಟ ಸಂಸ್ಕೃತದ ಜ್ಯೋತಿಷ ಸಿದ್ಧಾಂತಗ್ರಂಥಗಳ ಒಳಗೆ ನಡೆದಿತ್ತು. ಒಮ್ಮೆಯಂತೂ ಒಬ್ಬನೇ ಲೇಖಕನ ಒಂದೇ ಗ್ರಂಥದೊಳಗೆ ನಡೆಯಿತು. ನಾನು ಈ ಪ್ರಕರಣವನ್ನು ಆರಿಸಿಕೊಂಡಿರುವುದು ಆ ಕಾರಣಕ್ಕಾಗಿ.

ಸುಮಾರು 499ರಲ್ಲಿ ಆರ್ಯಭಟ ರಚಿಸಿದ ಆರ್ಯಭಟೀಯದ ಗೋಲಪಾದವೆಂಬ ಭಾಗದಲ್ಲಿ ಗ್ರಹಣದ ಕಾರಣ ಅರ್ಧ ಶ್ಲೋಕದಲ್ಲಿ ಮುಗಿದುಹೋಗುತ್ತದೆ: ‘ಛಾದಯತಿ ಶಶೀ ಸೂರ್ಯಂ ಶಶಿನಂ ಮಹತೀ ಚ ಭೂಚ್ಛಾಯಾ’. ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ. ಇಲ್ಲಿ ರಾಹುವಿನ ಹೆಸರೇ ಇಲ್ಲ. ಆದರೆ ಋಗ್ವೇದದ ಐದನೆಯ ಮಂಡಲದಲ್ಲಿ ಸ್ವರ್ಭಾನು ಎಂಬ ಅಸುರ ಸೂರ್ಯನನ್ನು ಕತ್ತಲೆಯಿಂದ ಮುಚ್ಚಿದ ಪ್ರಸಂಗವಿದೆ; ಪುರಾಣಗಳಲ್ಲಿ ರಾಹುವಿನ ಕಥೆಯಿದೆ; ಗ್ರಹಣಕಾಲದ ಸ್ನಾನ, ದಾನ, ತರ್ಪಣಗಳ ವಿಧಿಗಳೆಲ್ಲ ಈ ನಂಬಿಕೆಯ ಜೊತೆಗೆ ಹೆಣೆದುಕೊಂಡಿದ್ದವು. ಹಾಗಾಗಿ ಆರ್ಯಭಟನ ಮಾತು ಆಕಾಶದ ವಿಷಯಕ್ಕಷ್ಟೇ ಸೀಮಿತವಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ರಾಹುಚಾರ ಅಧ್ಯಾಯದಲ್ಲಿ ಈ ಸಿದ್ಧಾಂತವನ್ನು ಒಪ್ಪಿಕೊಂಡು, ಕಣ್ಣಿಗೆ ಕಾಣುವ ಒಂದು ಸಾಕ್ಷ್ಯವನ್ನೂ ಕೊಡುತ್ತಾನೆ. ಚಂದ್ರಗ್ರಹಣ ಚಂದ್ರನ ಪಶ್ಚಿಮದ ಅಂಚಿನಿಂದ ಆರಂಭವಾಗುವುದಿಲ್ಲ. ಸೂರ್ಯಗ್ರಹಣ ಸೂರ್ಯನ ಪೂರ್ವದ ಅಂಚಿನಿಂದ ಆರಂಭವಾಗುವುದಿಲ್ಲ. ಇದನ್ನು ನಾವೇ ಪರೀಕ್ಷಿಸಿಕೊಳ್ಳಬಹುದು. ನಕ್ಷತ್ರಗಳ ನಡುವೆ ಚಂದ್ರ ಪಶ್ಚಿಮದಿಂದ ಪೂರ್ವಕ್ಕೆ ಸರಿಯುವುದರಿಂದ, ಅವನ ಪೂರ್ವದ ಅಂಚೇ ಮೊದಲು ನೆರಳನ್ನು ಹೊಗುತ್ತದೆ. ಚಂದ್ರ ಮೂಡಣದಲ್ಲಿ ಏರುತ್ತಿರುವಾಗ ಗ್ರಹಣ ಹಿಡಿದರೆ ಕೆಳಗಿನ ಅಂಚಿನ ಕಡೆಯಿಂದ ಕಪ್ಪಾಗುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಸೂರ್ಯಗ್ರಹಣದಲ್ಲಿ ಅದೇ ಚಂದ್ರ ಪಶ್ಚಿಮದ ಕಡೆಯಿಂದ ಬಂದು ಸೂರ್ಯನನ್ನು ಮುಚ್ಚುವುದರಿಂದ ಅಲ್ಲಿ ಮೊದಲು ಮರೆಯಾಗುವುದು ಪಶ್ಚಿಮದ ಅಂಚು. ಎರಡನ್ನೂ ನುಂಗುವವನು ಒಬ್ಬನೇ ಅಸುರನಾಗಿದ್ದರೆ ಈ ವ್ಯತ್ಯಾಸಕ್ಕೆ ಕಾರಣ ಹೇಳುವುದು ಕಷ್ಟ.

ಇಷ್ಟು ವಾದಿಸಿದ ಮೇಲೂ ವರಾಹಮಿಹಿರ ರಾಹುವನ್ನು ಹೊರಗಟ್ಟುವುದಿಲ್ಲ. ಗ್ರಹಣಕಾಲದಲ್ಲಿ ಕೊಟ್ಟ ದಾನ, ಹೋಮಗಳ ಅಂಶದಿಂದ ರಾಹುವಿಗೆ ತೃಪ್ತಿಯಾಗಲೆಂದು ಬ್ರಹ್ಮ ವರ ಕೊಟ್ಟಿದ್ದಾನೆ, ಆ ಹೊತ್ತಿನಲ್ಲಿ ಅವನ ಸಾನ್ನಿಧ್ಯ ಇರುವುದರಿಂದಲೇ ಗ್ರಹಣದೊಂದಿಗೆ ಅವನ ಹೆಸರು ಸೇರಿಕೊಂಡಿದೆ ಎನ್ನುತ್ತಾನೆ. ಗ್ರಹಣದ ಕಾರಣವೆಂಬ ಸ್ಥಾನದಿಂದ ರಾಹುವನ್ನು ಇಳಿಸಿ ಆಚರಣೆಯ ಅತಿಥಿಯಾಗಿ ಕೂರಿಸಿದಂತಾಯಿತು. ಇದು ಕೇವಲ ರಾಜಿಯಲ್ಲವೆಂದು ನನಗೆ ತೋರುತ್ತದೆ, ಏಕೆಂದರೆ ಇದರಿಂದ ಗಣಿತದಲ್ಲಿ ಒಂದಂಕಿಯೂ ಬದಲಾಗುವುದಿಲ್ಲ.

ಬ್ರಹ್ಮಗುಪ್ತನ ದಾರಿ ಬೇರೆ, ಮತ್ತು ನಾವು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅದನ್ನೇ. 628ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಅವನು ಆರ್ಯಭಟ, ವರಾಹಮಿಹಿರ ಮೊದಲಾದವರನ್ನು ಹೆಸರಿಸಿ, ಗ್ರಹಣ ರಾಹುಕೃತವಲ್ಲವೆನ್ನುವುದು ವೇದ, ಸ್ಮೃತಿ, ಸಂಹಿತೆಗಳಿಗೆ ಹೊರತಾದ ಮಾತೆಂದು ಆಕ್ಷೇಪಿಸುತ್ತಾನೆ. ಆದರೆ ಅದೇ ಗ್ರಂಥದಲ್ಲಿ ಗ್ರಹಣವನ್ನು ಲೆಕ್ಕ ಹಾಕುವಾಗ ಅವನು ಬಳಸುವುದು ಭೂಚ್ಛಾಯೆಯ ವ್ಯಾಸವನ್ನು, ಚಂದ್ರಬಿಂಬದ ಅಳತೆಯನ್ನು. ರಾಹು ಭೂಚ್ಛಾಯೆಯೊಳಗೆ ಹೊಕ್ಕು ಮುಚ್ಚುತ್ತಾನೆ ಎಂಬ ಸಮನ್ವಯದ ಮಾತಿನಿಂದ ಎರಡನ್ನೂ ಕೂಡಿಸಲು ನೋಡುತ್ತಾನೆ. ಸುಮಾರು 1030ರಲ್ಲಿ ಭಾರತವನ್ನು ಕುರಿತು ಬರೆದ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬಿರೂನಿ ಈ ಭಾಗವನ್ನು ಓದಿ ನೊಂದುಕೊಳ್ಳುತ್ತಾನೆ. ಇಷ್ಟು ಬಲ್ಲವನು ತನ್ನ ಅಂತಃಸಾಕ್ಷಿಗೆ ವಿರುದ್ಧವಾಗಿ ಹೀಗೆ ಬರೆಯಬೇಕಾದರೆ ವಿಚಾರಗಳಿಗಾಗಿ ಮರಣದಂಡನೆಗೆ ಗುರಿಯಾದ ಗ್ರೀಕ್ ತತ್ತ್ವಜ್ಞಾನಿ ಸಾಕ್ರೆಟಿಸನಿಗೆ ಒದಗಿದಂಥ ವಿಪತ್ತು ಏನಾದರೂ ಎದುರಾಗಿರಬೇಕೆಂದು ಊಹಿಸುತ್ತಾನೆ. ನಾನು ಈ ಊಹೆಯನ್ನು ಪೂರ್ತಿ ಒಪ್ಪಲಾರೆ. ಬ್ರಹ್ಮಗುಪ್ತ ಹೆದರಿ ಬರೆದಿರಬಹುದು, ನಂಬಿಯೂ ಬರೆದಿರಬಹುದು. ಒಬ್ಬನೇ ಮನುಷ್ಯ ಎರಡನ್ನೂ ಪ್ರಾಮಾಣಿಕವಾಗಿ ಹಿಡಿದುಕೊಳ್ಳುವುದು ಅಸಂಭವವಲ್ಲ.

ಮುಂದೆ ಲಲ್ಲನೆಂಬ ಜ್ಯೋತಿಷ ಗ್ರಂಥಕಾರ ನೇರವಾದ ಪ್ರಶ್ನೆ ಕೇಳಿದ: ಅಸುರ ನುಂಗುವುದೇ ಕಾರಣವಾದರೆ ಗ್ರಹಣವನ್ನು ಗಣಿತದಿಂದ ಮೊದಲೇ ಹೇಳುವುದು ಹೇಗೆ, ಹುಣ್ಣಿಮೆ ಅಮಾವಾಸ್ಯೆಗಳನ್ನು ಬಿಟ್ಟು ಬೇರೆ ದಿನ ಏಕೆ ಆಗುವುದಿಲ್ಲ? ಕಾಲಕ್ರಮದಲ್ಲಿ ರಾಹು, ಕೇತು ಎಂಬ ಹೆಸರುಗಳು ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳಿಗೆ, ಅಂದರೆ ಪಾತಗಳಿಗೆ, ನಿಂತವು. ಈ ಎರಡು ದಾರಿಗಳ ನಡುವೆ ಸುಮಾರು 5 ಡಿಗ್ರಿ ಓರೆಯಿರುವುದರಿಂದಲೇ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ. ಪಾತಗಳು ಹಿಮ್ಮುಖವಾಗಿ ಸರಿಯುತ್ತ ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ನಮ್ಮ ಪಂಚಾಂಗದಲ್ಲಿ ರಾಹು ಸದಾ ಹಿಂದಕ್ಕೇ ನಡೆಯುವುದು ಈ ಕಾರಣದಿಂದ.

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಿತು. ಸ್ಪರ್ಶ, ಮೋಕ್ಷಗಳ, ಅಂದರೆ ಗ್ರಹಣ ಹಿಡಿಯುವ ಮತ್ತು ಬಿಡುವ, ಹೊತ್ತು ನೆರಳಿನ ಲೆಕ್ಕದಿಂದ ಮೊದಲೇ ಗೊತ್ತಿತ್ತು. ಅದೇ ಬೆಳಿಗ್ಗೆ ಕಲಬುರಗಿ ಬಳಿಯ ಹಳ್ಳಿಯೊಂದರಲ್ಲಿ, ಅಂಗವೈಕಲ್ಯ ವಾಸಿಯಾದೀತೆಂಬ ಆಸೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ದಾನ ಕೊಡುವವರು ಆಕಾಶದ ಬಗ್ಗೆ ಏನನ್ನೂ ಸಾಧಿಸಹೊರಟವರಲ್ಲ; ಅದಕ್ಕೆ ವರಾಹಮಿಹಿರ ರಾಹುವಿಗೆ ಆಚರಣೆಯಲ್ಲಿ ಕೊಟ್ಟ ಜಾಗ ಸಾಲುತ್ತದೆ. ಮಗುವನ್ನು ಹೂಳುವ ನಂಬಿಕೆಯಾದರೋ ಮಗುವಿನ ಮೈಯಲ್ಲಿ ಇಂಥ ಫಲವಾಗುತ್ತದೆಂದು ಹೇಳುತ್ತದೆ, ಮತ್ತು ಆ ಮಾತನ್ನು ಚಂದ್ರನ ಅಂಚಿನ ಕಪ್ಪನ್ನು ನೋಡಿದಷ್ಟೇ ನೇರವಾಗಿ ಪರೀಕ್ಷಿಸಬಹುದು.